ದೀರ್ಘ ಕಾಯಿಲೆಯ ನಡುವೆ ಪೂಜೆ, ಉಪವಾಸ, ಹರಕೆ: ದೇಹಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಹೇಗೆ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಕ್ಯಾನ್ಸರ್, ಕಿಡ್ನಿ ವೈಫಲ್ಯದಂಥ ವರ್ಷಗಟ್ಟಲೆ ಎಳೆಯುವ ಕಾಯಿಲೆ ಹೊಕ್ಕ ಮನೆಯಲ್ಲಿ ದೇವರ ಕೋಣೆಯ ಲೆಕ್ಕವೂ ಬದಲಾಗುತ್ತದೆ. ಕೆಲವರಿಗೆ ನಂಬಿಕೆ ಗಟ್ಟಿಯಾಗುತ್ತದೆ, ಕೆಲವರಿಗೆ ಪೂರ್ತಿ ಕಳಚಿ ಬೀಳುತ್ತದೆ, ಹೆಚ್ಚಿನವರಿಗೆ ವಾರಕ್ಕೊಂದು ಥರ. ಇದರ ಮಧ್ಯೆ ಸಣ್ಣ ಸಣ್ಣ ಪ್ರಶ್ನೆಗಳು: ಕೀಮೋ ನಡೆಯುವಾಗ ತೀರ್ಥ ತಗೋಬಹುದಾ, ಡಯಾಲಿಸಿಸ್‌ನಲ್ಲಿರುವವರು ಏಕಾದಶಿ ಮಾಡಬಹುದಾ, ಹೊತ್ತ ಹರಕೆ ಯಾವಾಗ ತೀರಿಸಬೇಕು, ದೇವರ ಮೇಲೆ ಸಿಟ್ಟು ಬಂದರೆ ಪಾಪವಾ. ಡಾಕ್ಟರ ಹತ್ತಿರ ಕೇಳಲು ಸಂಕೋಚ. ಅರ್ಚಕರನ್ನು ಕೇಳಿದರೆ ಅವರಿಗೆ ರಕ್ತದ ರಿಪೋರ್ಟ್ ಗೊತ್ತಿಲ್ಲ.

ಎರಡೂ ಕಡೆಯವರು ಒಂದೇ ಕಡೆ ಬರೆಯಲಿ ಅಂತ ಈ ಎಳೆ. ಸ್ವಂತ ಕಥೆ ಬೇಡ. ವಿಧಾನ, ಪ್ರಮಾಣ, ಎಲ್ಲಿ ಎಡವಟ್ಟಾಗುತ್ತದೆ, ಯಾಕೆ ಆಗುತ್ತದೆ, ಅಷ್ಟು ಸಾಕು. "ಈ ಬೇರು ಕುಡಿದರೆ ಕ್ಯಾನ್ಸರ್ ಮಾಯ" ಥರದ ಪೋಸ್ಟ್ ಅಳಿಸಲಾಗುತ್ತದೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ದಾದಿ_ಹಾಸನ (ಕ್ಯಾನ್ಸರ್ ವಾರ್ಡ್)

ಕೀಮೋದಿಂದ ಶುರು ಮಾಡ್ತೀನಿ, ಪ್ರಶ್ನೆ ಜಾಸ್ತಿ ಬರೋದು ಅಲ್ಲಿಂದಲೇ.

ಬಹಳಷ್ಟು ಕೀಮೋಗಳಲ್ಲಿ ಔಷಧಿ ಕೊಟ್ಟ 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿದಿರುತ್ತದೆ. ರಿಪೋರ್ಟಿನಲ್ಲಿ ಎಎನ್‌ಸಿ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳ ಎಣಿಕೆ) ಅಂತ ನೋಡಿ. 1,500ಕ್ಕಿಂತ ಕೆಳಗಿದ್ದರೆ ಕಡಿಮೆ, 500ಕ್ಕಿಂತ ಕೆಳಗೆ ಹೋದರೆ ದೊಡ್ಡ ಅಪಾಯ. ಆ ದಿನಗಳಲ್ಲಿ ತೇರು, ಜಾತ್ರೆ, ಗೃಹಪ್ರವೇಶ, ಮನೆ ತುಂಬ ಜನ ಸೇರುವ ಸತ್ಯನಾರಾಯಣ ಪೂಜೆ ಬೇಡ. ದೇವಸ್ಥಾನಕ್ಕೆ ಹೋಗಲೇಬೇಕೆಂದರೆ 21 ದಿನದ ಸುತ್ತಿನಲ್ಲಿ ಮೂರನೇ ವಾರ, ಅಂದರೆ ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು, ವಾರದ ದಿನ, ಬಾಗಿಲು ತೆಗೆದ ಕೂಡಲೇ ಹೋಗಿ ಬಂದುಬಿಡಿ.

ತೀರ್ಥ: ಬಾವಿಯದೋ ಹೊಳೆಯದೋ ಗೊತ್ತಿಲ್ಲದ ನೀರು ಕುಡಿಯೋದು ಬೇಡ, ತಲೆಗೆ ಪ್ರೋಕ್ಷಿಸಿಕೊಳ್ಳಿ. ಪಂಚಾಮೃತದಲ್ಲಿ ಹಸಿ ಹಾಲಿರುತ್ತದೆ, ಅದೂ ಬೇಡ. ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನೇ ದೇವರ ಮುಂದಿಟ್ಟು ಒಂದು ಉದ್ಧರಣೆ ತಗೊಳ್ಳಿ. ಬಿಸಿ ಪೊಂಗಲ್ ಪ್ರಸಾದ ಪರವಾಗಿಲ್ಲ, ಕೋಸಂಬರಿ ಬೇಡ. ನಿರ್ಮಾಲ್ಯ ತೆಗೆಯೋದು, ಹೂದಾನಿಯ ಹಳೇ ನೀರು ಚೆಲ್ಲೋದು ಬೇರೆಯವರ ಕೆಲಸವಾಗಲಿ. ಕೊಳೆತ ಹೂವಿನಲ್ಲಿ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ತುಂಬಿರುತ್ತವೆ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ. ವಿಭೂತಿ ಹಚ್ಚಿ ಬೆಳಗಿನ ತನಕ ನೋಡೋಣ ಅನ್ನೋದಾಗಲಿ, ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಮುಚ್ಚೋದಾಗಲಿ ಮಾಡಬೇಡಿ. ಕಣ ಕಡಿಮೆ ಇರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ.

ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಕತ್ತಿಯಲ್ಲಿ ಮುಡಿ ತೆಗೆಸಬೇಡಿ, ಗಾಯವಾದರೆ ರಕ್ತ ನಿಲ್ಲುವುದಿಲ್ಲ. ಹೇಗೂ ಕೂದಲು ಉದುರುತ್ತದೆ ಅಂತ ಮೊದಲೇ ಮುಡಿ ಕೊಡುವವರಿದ್ದಾರೆ. ಕೀಮೋ ಶುರುವಾಗುವ ಮುಂಚೆಯಾದರೆ ಅಡ್ಡಿಯಿಲ್ಲ, ಆಮೇಲಾದರೆ ಟ್ರಿಮ್ಮರ್. ಉರುಳು ಸೇವೆ ಚಿಕಿತ್ಸೆ ನಡೆಯುವಾಗ ಬೇಡವೇ ಬೇಡ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಸಾಷ್ಟಾಂಗ ಕೂಡ ಯೋಚಿಸಿ ಮಾಡಬೇಕು, ಮೂಳೆ ಮುರಿಯಬಹುದು.

ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿಗಳಿಂದ ಕಾಲು ಮರಗಟ್ಟುತ್ತದೆ. ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದರೆ ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ದಪ್ಪ ಕಾಲುಚೀಲ ಹಾಕಿಕೊಳ್ಳಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಆಕ್ಸಾಲಿಪ್ಲಾಟಿನ್ ಆದ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳಲ್ಲಿ ಮುಳ್ಳು ಚುಚ್ಚಿದ ಹಾಗಾಗುತ್ತದೆ, ಕುಡಿದರೆ ಗಂಟಲು ಹಿಡಿದ ಹಾಗಾಗುತ್ತದೆ. ಮಡಿ ಅಂತ ತಣ್ಣೀರು ಸ್ನಾನ ಮಾಡಿ ಹೆದರಿ ಓಡಿ ಬರುವವರು ಇದ್ದಾರೆ. ಬೆಚ್ಚಗಿನ ನೀರು ಬಳಸಿ, ಅಷ್ಟೇ.

ರೇಡಿಯೇಶನ್: ಚರ್ಮದ ಮೇಲೆ ಹಾಕಿದ ಗುರುತು ಅಳಿಸಬಾರದು. ಆ ಜಾಗಕ್ಕೆ ಗಂಧ, ಅರಿಶಿನ, ಕುಂಕುಮ, ವಿಭೂತಿ, ಎಣ್ಣೆ ಯಾವುದೂ ಬೇಡ. ಎದೆಯ ರೇಡಿಯೇಶನ್‌ಗೂ ಎಂಆರ್‌ಐಗೂ ಮಾಂಗಲ್ಯ ಸರ ತೆಗೆಯಬೇಕಾಗುತ್ತದೆ. ತೆಗೆದರೆ ಅಪಶಕುನ ಅಂತ ಅಳುವವರಿಗೆ ಅರಿಶಿನ ದಾರ ಕಟ್ಟಿಕೊಳ್ಳಲು ಹೇಳಿ. ಬಹಳ ಮನೆಗಳಲ್ಲಿ ಇದು ಈಗಾಗಲೇ ರೂಢಿ. ಆದರೆ ಬಣ್ಣ ಬಿಡುವ ಹಸಿ ದಾರ ಬೇಡ.

ಮನೆಯಲ್ಲಿ ಆಕ್ಸಿಜನ್ ಹಾಕಿದ್ದರೆ ಆ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚಲೇಬಾರದು. ಬೆಂಕಿಗೂ ಆಕ್ಸಿಜನ್‌ಗೂ ಕನಿಷ್ಠ 10 ಅಡಿ ದೂರ. ರೋಗಿಯ ಮೂಗಿಗೆ ತುಪ್ಪ, ವ್ಯಾಸಲೀನ್ ಸವರುವುದೂ ಅಪಾಯ. ಬ್ಯಾಟರಿ ದೀಪ ಇಡಿ, ದೇವರು ಬೇಜಾರು ಮಾಡಿಕೊಳ್ಳಲ್ಲ.

ಡಯಾಲಿಸಿಸ್_ಟೆಕ್

ನಮ್ಮ ಕಡೆ ಅಪಾಯದ ಹೆಸರು ಪೊಟ್ಯಾಸಿಯಂ. ಕೆಟ್ಟ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯ ನಿಲ್ಲಬಹುದು. "ಅನ್ನ ಬಿಟ್ಟು ಹಣ್ಣು ತಿಂದೆ, ಅದೇನು ತಪ್ಪು?" ಅನ್ನುವ ಫಲಾಹಾರದ ಉಪವಾಸ ಡಯಾಲಿಸಿಸ್ ರೋಗಿಗೆ ಊಟಕ್ಕಿಂತ ಕೆಟ್ಟದ್ದು. ಬಾಳೆಹಣ್ಣು, ಖರ್ಜೂರ, ಒಣದ್ರಾಕ್ಷಿ, ಎಳನೀರು ಎಲ್ಲದರಲ್ಲೂ ಅದೇ ತುಂಬಿದೆ. ದಿನದ ಮಿತಿ ಸುಮಾರು 2 ಗ್ರಾಂ ಅಂತ ಹೇಳಿರುತ್ತಾರೆ, ಒಂದು ದೊಡ್ಡ ಎಳನೀರಿನಲ್ಲೇ ಅರ್ಧ ಗ್ರಾಂ ದಾಟಬಹುದು. ಧಾರೆಹುಳಿಯಂತೂ ಒಂದು ಹೋಳೂ ಬೇಡ. ಅದರಲ್ಲಿರುವ ವಿಷ ಕಿಡ್ನಿ ಕೆಟ್ಟವರ ಮೆದುಳಿಗೆ ಏರುತ್ತದೆ: ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್.

ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುವವರಿಗೆ ಒಂದು ಕಡೆ ಎರಡು ದಿನದ ಅಂತರ ಬೀಳುತ್ತದೆ. ಸೋಮ-ಬುಧ-ಶುಕ್ರದವರಿಗೆ ಅದು ಶನಿವಾರ, ಭಾನುವಾರ. ಹಬ್ಬ ಆ ಅಂತರದಲ್ಲಿ ಬಿದ್ದರೆ ಪ್ರಸಾದದ ಕೈಯನ್ನು ಇನ್ನಷ್ಟು ಬಿಗಿ ಹಿಡಿಯಬೇಕು. ಅಮಾವಾಸ್ಯೆ ಅಂತ ಸರದಿ ತಪ್ಪಿಸಿದರೆ ಅಂತರ ಇನ್ನೂ ಉದ್ದವಾಗುತ್ತದೆ, ಹೃದಯ ನಿಲ್ಲುವುದು ಹಾಗೆಯೇ.

ನೀರಿನ ಲೆಕ್ಕ ಸಾಮಾನ್ಯವಾಗಿ ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು 500 ಮಿ.ಲೀ. ಸೇರಿಸಿ. ಉದ್ಧರಣೆಯ ತೀರ್ಥ ನಾಲ್ಕೈದು ಮಿ.ಲೀ., ಅದು ಲೆಕ್ಕಕ್ಕಿಲ್ಲ. ಪಾನಕ, ಮಜ್ಜಿಗೆ ಲೋಟಗಟ್ಟಲೆ ಹೋಗುತ್ತದೆ, ಅದು ಲೆಕ್ಕಕ್ಕಿದೆ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಗೆ ರಕ್ಷೆ ದಾರ, ಕಂಕಣ, ಬಿಗಿ ಬಳೆ ಬೇಡ, ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋಗುತ್ತದೆ. ಇನ್ನೊಂದು ಕೈಗೆ ಕಟ್ಟಿಸಿಕೊಳ್ಳಿ. ತುಂಬಿದ ಕೊಡ ಎತ್ತುವುದು, ಕಾವಡಿ ಹೊರುವುದು ಯಾವುದೂ ಆ ಕೈಗೆ ಬೇಡ.

ಪಂಚಾಂಗಿ

ಇಬ್ಬರಿಗೂ ನಮಸ್ಕಾರ. ಇದೆಲ್ಲ ಶಾಸ್ತ್ರಕ್ಕೆ ವಿರೋಧ ಅಂತ ಕೆಲವರು ಹೆದರುತ್ತಾರೆ, ಹಾಗೇನೂ ಇಲ್ಲ. ವ್ರತಭಂಗ ಮಾಡದ ಎಂಟು ವಸ್ತುಗಳನ್ನು ಹೇಳುವ ಹಳೆಯ ಶ್ಲೋಕದಲ್ಲಿ ನೀರು, ಗೆಡ್ಡೆ, ಹಣ್ಣು, ಹಾಲಿನ ಜೊತೆಗೆ ಗುರುವಿನ ಮಾತು ಮತ್ತು ಔಷಧವೂ ಸೇರಿವೆ. ಅಂದರೆ ಉಪವಾಸದ ದಿನ ಮಾತ್ರೆ ನುಂಗಿದರೆ ವ್ರತ ಕೆಡುವುದಿಲ್ಲ. ವ್ರತಕ್ಕೆ ಪ್ರತಿನಿಧಿಯನ್ನೂ ಹೇಳಿದೆ: ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ, ಮಗ, ಸಹೋದರ. ರೋಗಿಯ ಹೆಸರಿನಲ್ಲಿ ಸಂಕಲ್ಪ ಮಾಡಿ ಆರೋಗ್ಯವಂತರು ಉಪವಾಸವಿರಲಿ.

ಸ್ನಾನದ ವಿಷಯ ಬಹಳ ಕೇಳುತ್ತಾರೆ. ಸ್ನಾನ ಏಳು ಬಗೆ. ನೀರಿನದು ಅವುಗಳಲ್ಲಿ ಒಂದು ಮಾತ್ರ, ಮಂತ್ರಸ್ನಾನ, ಭಸ್ಮದಿಂದ ಮಾಡುವ ಆಗ್ನೇಯ ಸ್ನಾನ, ಮಾನಸ ಸ್ನಾನ ಎಲ್ಲ ಇರುವುದು ಏಳಲಾಗದವರಿಗೇ. ಹಾಸಿಗೆಯಲ್ಲೇ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಮಾರ್ಜನ ಮಂತ್ರ ಹೇಳಿ ನಾಲ್ಕು ಹನಿ ಪ್ರೋಕ್ಷಿಸಿಕೊಂಡರೆ ಮುಗಿಯಿತು.

ಪೂಜೆಯ ಅಳತೆ: ಹದಿನಾರು ಉಪಚಾರ ಬಿಟ್ಟು ಐದಕ್ಕೆ ಇಳಿಸಿ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಹೊಗೆ ಆಗದವರು ಧೂಪದ ಬದಲು ಅಕ್ಷತೆ ಹಾಕಿ. ಅದೂ ಆಗದ ದಿನ ಮಾನಸ ಪೂಜೆ. ಸಹಸ್ರನಾಮ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ ದ್ವಾದಶ ನಾಮ ಸಾಕು, ಅಥವಾ ಬೇರೆಯವರು ಹೇಳಲಿ, ರೋಗಿ ಕೇಳಲಿ. ಆರೋಗ್ಯವಾಗಿದ್ದಾಗಿನ ಅಳತೆಯನ್ನೇ ಹಿಡಿದು, ಎರಡು ದಿನ ತಪ್ಪಿ, "ದೇವರಿಗೂ ಅನ್ಯಾಯ ಮಾಡಿದೆ" ಅಂತ ಮೂರನೇ ದಿನ ಪೂರ್ತಿ ಕೈಬಿಡುವುದೇ ಹೆಚ್ಚು. ಸುಸ್ತಿನ ದಿನಕ್ಕೂ ಆಗುವಷ್ಟು ಚಿಕ್ಕದನ್ನು ನಿತ್ಯನೇಮ ಮಾಡಿಕೊಳ್ಳಿ, ಚೆನ್ನಾಗಿರುವ ದಿನ ಬೇಕಾದರೆ ಹೆಚ್ಚಿಸಿ.

ಹರಕೆ: ಹೊರುವಾಗಲೇ "ಗುಣವಾಗಿ ಓಡಾಡುವಂತಾದ ಮೇಲೆ" ಅಂತ ಸೇರಿಸಿ. ಒಂದು ಕಾಣಿಕೆಯನ್ನು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಟ್ಟರೆ ಅದೇ ಸಾಕ್ಷಿ, ಗಡುವೇನೂ ಇಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೋ ಮಲೆ ಮಹದೇಶ್ವರನ ಬೆಟ್ಟಕ್ಕೋ ಪಾದಯಾತ್ರೆ ಹೊತ್ತಿದ್ದರೆ ಮನೆಯ ಇನ್ನೊಬ್ಬರು ನಡೆಯಲಿ. ಸಾಲ ಮಾಡಿ ಹರಕೆ ಬೇಡ. ಕಾಯಿಲೆಯ ಮನೆಗೆ ಬಂದು "ದೋಷ ಇದೆ, ಇಷ್ಟು ಸಾವಿರದ ಪರಿಹಾರ ಇವತ್ತೇ ಆಗಬೇಕು" ಅನ್ನುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. "ಇವತ್ತೇ" ಅಂದರೆ ಬಾಗಿಲು ತೋರಿಸಿ.

ಬಾಗಲಕೋಟಿ_ಮಾಸ್ತರ

ಪಂಚಾಂಗಿಯವರ ಮಾತು ಒಪ್ಪತೀನ್ರಿ, ಆದ್ರ ಮಡಿ-ಮೈಲಿಗಿ ಕಡೆ ನನ್ನ ತಕರಾರು ಅದ. ದೊಡ್ಡ ಕರುಳಿನ ಆಪರೇಶನ್ ಆಗಿ ಹೊಟ್ಟಿಗೆ ಮಲ ತುಂಬಿಕೊಳ್ಳೊ ಸ್ಟೋಮಾ ಚೀಲ ಹಾಕಿರತಾರ, ಇನ್ನ ಕೆಲವರಿಗೆ ಮೂತ್ರದ ಕ್ಯಾಥೆಟರ್. ಇಂಥವರು "ನಾ ಮೈಲಿಗಿ, ದೇವರ ಮುಟ್ಟಬಾರದು" ಅಂತ ದೇವರ ಕೋಣಿಗೆ ಬೆನ್ನ ಮಾಡಿ ಕೂಡತಾರ. ಕಾಯಿಲಿಗಿಂತ ಇದು ಹೆಚ್ಚು ತಿಂತದ. ಅವರಿಗೆ ಮಂತ್ರಸ್ನಾನದ ಪರವಾನಗಿ ಸಾಲಂಗಿಲ್ಲ. ಮೈಲಿಗಿನ ಇಲ್ಲ ಅಂತ ಯಾರರ ಹೇಳಬೇಕು.

ಶರಣರು ಹೇಳ್ಯಾರ. ಲಿಂಗವಂತರಿಗೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದೂ ಸೂತಕ ಇಲ್ಲ. ಇಷ್ಟಲಿಂಗ ಕೊರಳಾಗ ಇರೋದು, ಪೂಜಾ ಅಂಗೈಮ್ಯಾಲೆ ಆಗೋದು. ಗುಡಿಗೆ ಹೋಗಬೇಕಿಲ್ಲ, ಕೂಡಲಿಕ್ಕೂ ಆಗದಿದ್ರ ಮಲಗಿದಲ್ಲೇ ಎದಿಮ್ಯಾಲೆ ಅಂಗೈ ಇಟ್ಟು ನೋಡಿದ್ರ ಸಾಕು. ಹಾಸಿಗಿ ಹಿಡಿದವರಿಗೆ ಇದಕ್ಕಿಂತ ಹೊಂದುವ ಪೂಜಾ ನನಗಂತೂ ಕಾಣಂಗಿಲ್ಲ. ಎಂಆರ್‌ಐಗೆ ಹೋಗುವಾಗ ಬೆಳ್ಳಿ ಕರಡಿಗಿ ತೆಗೆದು ಮನಿಯವರ ಕೈಯಾಗ ಕೊಡ್ರಿ. ಕೂತುಕೊಳ್ಳುವಾಗ ಸ್ಟೋಮಾ ಚೀಲ ಮೂರನೇ ಒಂದು ಪಾಲು ತುಂಬಿದ್ರ ಮೊದಲ ಖಾಲಿ ಮಾಡಿಕೊಳ್ರಿ, ನಡುವ ಸೋರಿದ್ರ ಮನಸ್ಸು ಅಲ್ಲೇ ಹೋಗತದ.

ಪಂಚಾಂಗಿ

ಮಾಸ್ತರೇ, ಒಪ್ಪಿದೆ. ಚೀಲ ಈಗ ದೇಹದ ಭಾಗ, ಹೊಟ್ಟೆಯೊಳಗಿದ್ದಾಗ ಇಲ್ಲದ ಮೈಲಿಗೆ ಹೊರಗೆ ಬಂದಾಗ ಎಲ್ಲಿಂದ ಬರಬೇಕು.

ಭಟ್ಕಳ_ಕಿನಾರೆ

ರಂಜಾನ್ ವಿಷಯ ಸೇರಿಸುತ್ತೇನೆ. ಕುರಾನಿನ 2ನೇ ಅಧ್ಯಾಯದ 184ನೇ ಆಯತ್‌ನಲ್ಲೇ ರೋಗಿಗೆ ವಿನಾಯಿತಿ ಇದೆ. ಗುಣವಾಗುವ ಕಾಯಿಲೆಯಾದರೆ ಆಮೇಲೆ ಅಷ್ಟೇ ರೋಜಾ ಹಿಡಿದು ತೀರಿಸುವುದು, ಗುಣವಾಗುವ ಭರವಸೆ ಇಲ್ಲದಿದ್ದರೆ ಒಂದೊಂದು ರೋಜಾಕ್ಕೆ ಒಬ್ಬ ಬಡವನಿಗೆ ಊಟ, ಅದು ಫಿದಿಯಾ. ಆದರೂ "ಎಲ್ಲರೂ ಹಿಡಿದಿದ್ದಾರೆ, ನಾನೊಬ್ಬ ಹೇಗೆ ತಿನ್ನಲಿ" ಎಂಬ ನಾಚಿಕೆಗೆ ಸಕ್ಕರೆ ಕಾಯಿಲೆಯವರು ರೋಜಾ ಹಿಡಿಯುತ್ತಾರೆ. ಹಿಡಿಯಲು ವೈದ್ಯರು ಒಪ್ಪಿದವರೂ ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆ ಕ್ಷಣ ಬಿಡಬೇಕು, ಇಫ್ತಾರ್‌ಗೆ ಅರ್ಧ ಗಂಟೆ ಇದ್ದರೂ ಕಾಯಬಾರದು. ಬೆರಳು ಚುಚ್ಚಿ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲ, ಹಾಗಂದುಕೊಂಡು ಪರೀಕ್ಷೆ ಬಿಡುವುದು ದೊಡ್ಡ ತಪ್ಪು.

ನಮಾಜ್ ನಿಂತು ಆಗದಿದ್ದರೆ ಕೂತು, ಕೂತು ಆಗದಿದ್ದರೆ ಮಲಗಿ, ತಲೆಯ ಸನ್ನೆಯಲ್ಲಿ. ನೀರು ತಾಗಿಸಬಾರದ ಗಾಯವಿದ್ದರೆ, ನೀರಿನಿಂದ ಕಾಯಿಲೆ ಹೆಚ್ಚುವಂತಿದ್ದರೆ ವುಜೂ (ನೀರಿನಿಂದ ಮುಖ, ಕೈಕಾಲು ತೊಳೆಯುವುದು) ಬದಲು ತಯಮ್ಮುಮ್ (ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುವುದು).

ಇನ್ನು ಸಬರ್ (ಸಹನೆ) ಎಂದರೆ ಅಳದೇ ಇರುವುದು ಅಂತ ರೋಗಿಯ ಬಾಯಿ ಮುಚ್ಚಿಸುವವರಿಗೆ ಒಂದು ಮಾತು. ಮಗ ಯೂಸುಫರನ್ನು ಕಳೆದುಕೊಂಡ ಪ್ರವಾದಿ ಯಾಕೂಬ್ "ಸುಂದರವಾದ ಸಹನೆ" ಎಂದದ್ದು 12ನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ ಅವರ ಕಣ್ಣು ದುಃಖದಿಂದ ಬೆಳ್ಳಗಾಯಿತು ಎಂದೂ ಇದೆ. ಎರಡೂ ಒಬ್ಬರದೇ.

ಮಂಗಳೂರು_ಗುರ್ಕಾರ್

ನಮ್ಮ ಕೆಥೋಲಿಕರಲ್ಲಿ ಒಂದು ಹೆದರಿಕೆ ಉಂಟು. ಪಾದ್ರಿಗಳು ರೋಗಿಗೆ ಅಭ್ಯಂಗ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಡಲು ಬಂದರೆಂದರೆ "ಮುಗೀತು" ಎಂದೇ ಲೆಕ್ಕ. ಹಾಗಾಗಿ ಕೊನೇ ಗಳಿಗೆಯವರೆಗೆ ಕರೆಯುವುದೇ ಇಲ್ಲ, ಆಗ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಅದು ಸಾಯುವವರಿಗೆ ಮಾತ್ರ ಅಲ್ಲ ಮಾರ್ರೆ. ಗಂಭೀರ ಕಾಯಿಲೆ ಶುರುವಾದಾಗ, ದೊಡ್ಡ ಆಪರೇಶನ್‌ಗೆ ಮೊದಲು ತೆಗೆದುಕೊಳ್ಳಬಹುದು, ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆಯೂ ಆಗಬಹುದು. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಮೊದಲಿನ ಒಂದು ಗಂಟೆಯ ಉಪವಾಸ ರೋಗಿಗೂ ಇಲ್ಲ, ನೋಡಿಕೊಳ್ಳುವವರಿಗೂ ಇಲ್ಲ. ನುಂಗಲು ಕಷ್ಟವಾದರೆ ಚಿಕ್ಕ ಚೂರು ಸಾಕು.

ಸಿಟ್ಟಿನ ಪ್ರಶ್ನೆಗೆ ಬೈಬಲಿನ ಯೋಬನ ಗ್ರಂಥ ತೆಗೆಯಿರಿ, ತಪ್ಪಿಲ್ಲದೆ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡವನ ಕಥೆ. ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕೂತರು. ಅಷ್ಟರವರೆಗೆ ಸರಿಯಿತ್ತು. ಬಾಯಿ ತೆರೆದು "ನೀನೇನೋ ಪಾಪ ಮಾಡಿರಬೇಕು" ಎಂದು ಶುರು ಮಾಡಿದ ಮೇಲೆ ಕೆಟ್ಟಿತು. ಕೊನೆಯ ಅಧ್ಯಾಯದಲ್ಲಿ ದೇವರು ಬೈದದ್ದು ದೂರಿದ ಯೋಬನನ್ನಲ್ಲ, ದೇವರ ಪರ ವಕಾಲತ್ತು ಮಾಡಿದ ಸ್ನೇಹಿತರನ್ನು. ಕೀರ್ತನೆಗಳಲ್ಲೂ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲೇ ಇಲ್ಲ. ಅದನ್ನೂ ಪ್ರಾರ್ಥನೆ ಎಂದೇ ಇಟ್ಟುಕೊಂಡಿದ್ದಾರೆ.

ನೋಡಲು ಹೋಗುವವರಿಗೆ: ಹತ್ತು ನಿಮಿಷ, ಕೂತು ಮಾತು, ನಿಂತಲ್ಲ. "ಇವತ್ತು ಪ್ರಾರ್ಥನೆ ಮಾಡುವುದಾ, ಬೇಡವಾ?" ಎಂದು ಕೇಳಿ. ಬೇಡ ಎಂದರೆ ಬೇಡ.

ಸಂಶಯಿ

ಎಲ್ಲ ಸರಿ. ಆದರೆ ಪ್ರಾರ್ಥನೆಯಿಂದ ಕಾಯಿಲೆಗೆ ಏನೂ ಆಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಿ. ಅಮೆರಿಕದ 6 ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಬಂತು. ಬೇರೆಯವರಿಂದ ಪ್ರಾರ್ಥನೆ ಮಾಡಿಸಿದ ಗುಂಪಿನಲ್ಲಿ ತೊಡಕುಗಳು 52%, ಮಾಡಿಸದವರಲ್ಲಿ 51%. "ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ" ಎಂದು ಖಚಿತವಾಗಿ ತಿಳಿಸಿದವರಲ್ಲಿ 59%! ಕಷ್ಟದಿಂದ ಮನುಷ್ಯ ಬೆಳೆಯುತ್ತಾನೆ ಎಂಬುದೂ ಕಷ್ಟ ಪಡದವರು ಹೇಳುವ ಮಾತು.

ಮನಶ್ಶಾಸ್ತ್ರ_ಕೋಣೆ

@ಸಂಶಯಿ, ಅಂಕಿಗಳು ಸರಿ. ಆದರೆ ಆ ಅಧ್ಯಯನ ನೋಡಿದ್ದು ಪರಿಚಯವಿಲ್ಲದವರು ದೂರದಿಂದ ಮಾಡಿದ ಪ್ರಾರ್ಥನೆಯನ್ನು. ರೋಗಿ ತಾನೇ ತನ್ನ ನಂಬಿಕೆಯನ್ನು ಹೇಗೆ ಬಳಸುತ್ತಾನೆ ಎಂಬುದು ಬೇರೆ ವಿಷಯ, ಅದಕ್ಕೂ ಅಧ್ಯಯನಗಳಿವೆ. 2001ರಲ್ಲಿ ಪ್ರಕಟವಾದ ಒಂದರಲ್ಲಿ 55 ವರ್ಷ ದಾಟಿದ 596 ಒಳರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದರು. "ದೇವರು ನನ್ನನ್ನು ಕೈಬಿಟ್ಟ", "ದೇವರಿಗೆ ನನ್ನ ಮೇಲೆ ಪ್ರೀತಿ ಇದೆಯೇ" ಎಂಬ ಒದ್ದಾಟದಲ್ಲಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಇದು ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೆ ನಂಬಿಕೆ ಸಾಂತ್ವನವೂ ಆಗಬಹುದು, ಹೊರೆಯೂ ಆಗಬಹುದು ಎಂಬುದಂತೂ ಸ್ಪಷ್ಟ. ಹಾಗಾಗಿ ರೋಗಿಗೆ ಕೇಳಬೇಕಾದ್ದು ನಂಬಿಕೆ ಇದೆಯೇ ಎಂದಲ್ಲ, ಅದು ಈಗ ಯಾವ ಕೆಲಸ ಮಾಡುತ್ತಿದೆ ಎಂದು.

ಸಿಟ್ಟು ಒಳಗೆ ಕುದಿಯುವವರಿಗೆ ಬರವಣಿಗೆ ಹೇಳಿಕೊಡುತ್ತೇವೆ. ದಿನಕ್ಕೆ 15ರಿಂದ 20 ನಿಮಿಷ, ಸತತ ಮೂರು ನಾಲ್ಕು ದಿನ. ನೇರ ದೇವರಿಗೇ ದೂರು ಬರೆಯಬಹುದು. ಹರಿದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ, ದೇವರನ್ನು ಹೆಸರು ಹಿಡಿದು ಬೈದೇ ಹಾಡಿದ್ದಾರೆ. ಕಾಗುಣಿತ ನೋಡಬೇಡಿ, ಕೈ ನಿಲ್ಲಿಸಬೇಡಿ, ಮುಗಿದ ಮೇಲೆ ಹರಿದು ಹಾಕಿದರೂ ಆಯಿತು. ತಪ್ಪುವುದು ಎಲ್ಲೆಂದರೆ: ಮಲಗುವ ಮುಂಚೆ ಬರೆದು ನಿದ್ದೆ ಕೆಡಿಸಿಕೊಳ್ಳುವುದು, ಕಾಯಿಲೆ ಗೊತ್ತಾದ ಮೊದಲ ವಾರದಲ್ಲೇ ಬರೆಸುವುದು, ಮನೆಯವರು ಓದುವುದು. ಬರೆದ ಕೂಡಲೇ ಸ್ವಲ್ಪ ಮನಸ್ಸು ಭಾರವಾಗುವುದು ಸಹಜ. ತಡೆಯಲಾಗದಷ್ಟು ಆದರೆ ಆ ವಿಷಯ ಬಿಟ್ಟು ಬೇರೆ ಬರೆಯಿರಿ.

ಜಪಕ್ಕೂ ದೇಹದ ಲೆಕ್ಕ ಉಂಟು. ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಒಂದು ಮಂತ್ರವನ್ನೂ 23 ಜನರಿಂದ ಹೇಳಿಸಿ ಅಳೆದ 2001ರ ಅಧ್ಯಯನದಲ್ಲಿ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದವು. ಹತ್ತು ಸೆಕೆಂಡಿಗೆ ಒಂದು ಉಸಿರು ಬರುವಂತೆ ನಾಮ ಹೊಂದಿಸಿಕೊಳ್ಳಿ, ಬಿಡುವ ಉಸಿರಿನಲ್ಲಿ ನಾಮ ಬರಲಿ. ಲಕ್ಷ ಜಪದ ಗುರಿಗೆ ಓಡಿಸಿದರೆ ಈ ಲಾಭ ಹೋಗುತ್ತದೆ. ಕೈಯಲ್ಲಿ ಕ್ಯಾನುಲಾ (ಡ್ರಿಪ್ ಹಾಕುವ ಸೂಜಿ ಕೊಳವೆ) ಇದ್ದರೆ ಮಾಲೆ ಬೇಡ, ಇನ್ನೊಂದು ಕೈಯ ಬೆರಳ ಗೆಣ್ಣು ಎಣಿಸಿ. ಶ್ವಾಸಕೋಶದ ಕಾಯಿಲೆ ಇರುವವರು ಉಸಿರನ್ನು ಬಲವಂತವಾಗಿ ಹಿಡಿಯಬಾರದು.

ಇನ್ನು ಬೆಳವಣಿಗೆ. 1996ರಲ್ಲಿ ಟೆಡೆಸ್ಕಿ ಮತ್ತು ಕ್ಯಾಲ್‌ಹೌನ್ ಎಂಬ ಮನಶ್ಶಾಸ್ತ್ರಜ್ಞರು ಕಷ್ಟದ ನಂತರದ ಬೆಳವಣಿಗೆಯನ್ನು ಅಳೆಯಲು 21 ಪ್ರಶ್ನೆಗಳ ಒಂದು ಅಳತೆ ಮಾಡಿದರು. ಐದು ಕಡೆ ನೋಡುತ್ತದೆ: ಜನರೊಂದಿಗಿನ ಸಂಬಂಧ, ಹೊಸ ದಾರಿಗಳು, ತನ್ನ ಗಟ್ಟಿತನದ ಅರಿವು, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆ. ಮುಖ್ಯ ವಿಷಯ, ಬೆಳವಣಿಗೆ ಮತ್ತು ಸಂಕಟ ಒಟ್ಟಿಗೇ ಇರುತ್ತವೆ. ಒಂದು ಬಂದರೆ ಇನ್ನೊಂದು ಹೋಗುವುದಿಲ್ಲ. ಕಷ್ಟವೇ ಬೆಳೆಸುತ್ತದೆ ಎಂಬುದೂ ಅಲ್ಲ, ಕಷ್ಟದ ಜೊತೆ ಮನಸ್ಸು ನಡೆಸುವ ಹೆಣಗಾಟದಿಂದ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಬಾರದವರು ನಪಾಸಾದವರಲ್ಲ. ಸಂಶಯಿಯವರಿಗೆ ಸಮಾಧಾನವಾಗಲೆಂದು ಇದನ್ನೂ ಸೇರಿಸುತ್ತೇನೆ: ಇದು ರೋಗಿಯೇ ಹೇಳಿದ ಉತ್ತರಗಳ ಮೇಲೆ ನಿಂತ ಅಳತೆ, ಜನ ತಮ್ಮ ಬದಲಾವಣೆಯನ್ನು ಹೆಚ್ಚಾಗಿ ಹೇಳಿಕೊಳ್ಳುವ ಸಾಧ್ಯತೆ ಇದೆ ಎಂಬ ಟೀಕೆ ಗಟ್ಟಿಯಾಗಿದೆ.

ಮನೆಯವರು ಮಾಡುವ ಎಡವಟ್ಟು "ಪಾಸಿಟಿವ್ ಆಗಿರು, ಇದರಿಂದ ಏನು ಕಲಿತೆ ಹೇಳು" ಎನ್ನುವುದು. ಅದರ ಬದಲು ರೋಗಿಯ ಕೈಯಲ್ಲಿ ಕೊಡುವ ಕೆಲಸ ಒಂದಿರಲಿ. ದಾಸೋಹಕ್ಕೆ ಅಕ್ಕಿ ಎಷ್ಟು ಕಳಿಸಬೇಕೆಂದು ಅವರೇ ನಿರ್ಧರಿಸಲಿ, ಮೊಮ್ಮಗುವಿಗೆ ಒಂದು ಶ್ಲೋಕ ಕಲಿಸಲಿ, ಹೊಸದಾಗಿ ಚಿಕಿತ್ಸೆಗೆ ಬಂದ ಇನ್ನೊಬ್ಬ ರೋಗಿಗೆ ಫೋನ್ ಮಾಡಲಿ. ಬರೀ ಪಡೆಯುವವರಾಗಿ ಉಳಿಯುವುದು ಮನುಷ್ಯನನ್ನು ಕುಗ್ಗಿಸುತ್ತದೆ.

ಸಂಶಯಿ

ಇಷ್ಟು ಹೇಳಿದರೆ ನನಗೆ ಜಗಳವಿಲ್ಲ. "ನಪಾಸಾದವರಲ್ಲ" ಎಂಬುದನ್ನು ಎಲ್ಲ ಆಸ್ಪತ್ರೆಯ ಗೋಡೆಗೂ ಬರೆಸಬೇಕು. ಒಂದೇ ಉಳಿಯಿತು: ಪೂರ್ವಜನ್ಮದ ಕರ್ಮ ಎಂದು ರೋಗಿಯ ಮುಖಕ್ಕೇ ಹೇಳುತ್ತಾರಲ್ಲ, ಅದಕ್ಕೇನು?

ಪಂಚಾಂಗಿ

ಕರ್ಮಸಿದ್ಧಾಂತ ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ, ಬೇರೆಯವರ ಕಡತ ತೆರೆಯುವುದಕ್ಕಲ್ಲ. ಚರಕ ಸಂಹಿತೆಯಲ್ಲೇ ದೈವ ಮತ್ತು ಪುರುಷಕಾರ (ಮನುಷ್ಯಪ್ರಯತ್ನ) ಎರಡನ್ನೂ ಹೇಳಿ, ದೈವ ದುರ್ಬಲವಾಗಿದ್ದರೆ ಬಲವಾದ ಪ್ರಯತ್ನ ಅದನ್ನು ಮೀರುತ್ತದೆ ಎಂದಿದೆ. ಚಿಕಿತ್ಸೆಯನ್ನೂ ಮೂರಾಗಿ ಹೇಳುತ್ತಾರೆ: ಮಂತ್ರ, ಹೋಮ, ಉಪವಾಸಗಳ ದೈವವ್ಯಪಾಶ್ರಯ, ಆಹಾರ ಮತ್ತು ಔಷಧದ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಹಿಡಿದು ನಿಲ್ಲಿಸುವ ಸತ್ತ್ವಾವಜಯ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಿ ಎಂದು ಅಲ್ಲೆಲ್ಲೂ ಇಲ್ಲ.

ಉಪಶಮನ_ಬಳಗ

ಕರ್ಮದ ಮಾತಿನಿಂದ ಆಗುವ ನಿಜವಾದ ಹಾನಿ ನೋವಿನ ಔಷಧಿಯಲ್ಲಿ ಕಾಣುತ್ತದೆ. "ಸಹಿಸಿಕೊಂಡರೆ ಕರ್ಮ ಸವೆಯುತ್ತದೆ" ಎಂದು ಮಾರ್ಫಿನ್ ಬೇಡ ಎನ್ನುವ ಮನೆಗಳಿವೆ. ತೀವ್ರ ನೋವಿನಲ್ಲಿ ಯಾರಿಗೂ ಜಪ ಆಗುವುದಿಲ್ಲ. ಪ್ರಾರ್ಥಿಸಬೇಕೆಂದರೇ ಮೊದಲು ನೋವು ಇಳಿಸಬೇಕು.

ಬೇಗ ಕೆಲಸ ಮಾಡುವ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬಂದಾಗ ಮಾತ್ರ ಅಲ್ಲ. ನೋವು ಏರಿದ ಮೇಲೆ ಕೊಟ್ಟರೆ ಹೆಚ್ಚು ಡೋಸ್ ಬೇಕಾಗುತ್ತದೆ. ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಆಗುವುದರಿಂದ ಮೊದಲ ದಿನದಿಂದಲೇ ಜುಲಾಬಿನ ಔಷಧಿ ಜೊತೆಗಿರಬೇಕು. ಮಂಪರು ಮೊದಲ ಎರಡು ಮೂರು ದಿನ ಇದ್ದು ಸಾಮಾನ್ಯವಾಗಿ ಇಳಿಯುತ್ತದೆ, ಅದನ್ನು ಕಂಡು "ಔಷಧಿ ಕೊಂದಿತು" ಎಂದು ನಿಲ್ಲಿಸಿಬಿಡುತ್ತಾರೆ. ಕಿಡ್ನಿ ಕೆಟ್ಟವರಿಗೆ ಮಾರ್ಫಿನ್ ದೇಹದಲ್ಲಿ ಸೇರಿಕೊಳ್ಳುತ್ತದೆ, ಫೆಂಟನಿಲ್‌ನಂಥದ್ದನ್ನು ವೈದ್ಯರು ಆರಿಸುತ್ತಾರೆ. ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಅದರ ಮೇಲೆ ಬಿಸಿನೀರಿನ ಚೀಲ, ಶಾಖ ಇಡಬಾರದು, ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ.

ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಆರೈಕೆ ಉಚಿತ. ಅಲ್ಲಿಗೆ ಹೋಗುವುದೆಂದರೆ ನಂಬಿಕೆ ಬಿಟ್ಟಂತೆ ಎಂದುಕೊಳ್ಳಬೇಡಿ. ಕಾಶಿಗೆ ಹೋಗುವವರನ್ನು ಯಾರೂ ಹಾಗೆ ಅನ್ನುವುದಿಲ್ಲವಲ್ಲ.

ಮನಶ್ಶಾಸ್ತ್ರ_ಕೋಣೆ

ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. "ದೇವರು ಬೇಗ ಕರೆದುಕೊಳ್ಳಲಿ" ಎಂಬ ಮಾತನ್ನು ವೈರಾಗ್ಯ ಎಂದು ಹಾದು ಹೋಗಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ತಾನು ಹೊರೆ ಎಂಬ ಭಾವ, ಮೊದಲು ಇಷ್ಟವಾಗಿದ್ದ ಭಜನೆಯೂ ಬೇಡ ಎಂದರೆ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. "ಸಾಯಬೇಕು ಅನಿಸುತ್ತಾ? ಹೇಗೆ ಅಂತ ಯೋಚಿಸಿದ್ದೀರಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯೋಚಿಸಿದ್ದಾರೆಂದರೆ ಒಂಟಿ ಬಿಡಬೇಡಿ, ಮಾತ್ರೆಗಳ ಡಬ್ಬಿ ನಿಮ್ಮ ವಶದಲ್ಲಿರಲಿ, ಅವತ್ತೇ ವೈದ್ಯರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ತುಂಗಾತೀರ

ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ, ಹೆಸರಿಲ್ಲದೆ ಹಾಕುತ್ತಿದ್ದೇನೆ. ನವರಾತ್ರಿಯ ಒಂಬತ್ತು ದಿನ ಒಪ್ಪತ್ತು ಮಾಡುವ ರೂಢಿ, ಈಗ ಕೀಮೋ ಜೊತೆ ಡೆಕ್ಸಾಮೆಥಾಸೋನ್ (ಸ್ಟೀರಾಯ್ಡ್), ಸಕ್ಕರೆಗೆ ಗ್ಲಿಮಿಪಿರೈಡ್ ಇದೆ. ಹಾಲು ಹಣ್ಣು ಸೇರಿಸಿಕೊಂಡು ಮಾಡಬಹುದಾ? ಅಡುಗೆಗೆ ಉಪ್ಪಿನ ಬದಲು ಸೈಂಧವ ಲವಣ ಬಳಸಬಹುದಾ?

ದಾದಿ_ಹಾಸನ

ಬೇಡ. ಗ್ಲಿಮಿಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿಯುತ್ತದೆ. ಡೆಕ್ಸಾಮೆಥಾಸೋನ್ ಖಾಲಿ ಹೊಟ್ಟೆಗೆ ಹೋದರೆ ಹೊಟ್ಟೆ ಹುಣ್ಣು, ಜೊತೆಗೆ ಅದು ಸಕ್ಕರೆ ಏರಿಸುತ್ತದೆ. ಒಂದು ಎಳೆಯುತ್ತೆ, ಇನ್ನೊಂದು ತಳ್ಳುತ್ತೆ, ಮನೆಯಲ್ಲಿ ಲೆಕ್ಕ ಹಿಡಿಯೋಕಾಗಲ್ಲ. ಮೂರು ಹೊತ್ತು ತಿನ್ನಿ. ಒಪ್ಪತ್ತಿನ ನಿಯಮ ಬೇಕೇ ಬೇಕೆಂದರೆ ಒಂದು ಹೊತ್ತು ಅನ್ನ, ಉಳಿದ ಎರಡು ಹೊತ್ತು ಹೊಟ್ಟೆ ತುಂಬುವಷ್ಟು ಅವಲಕ್ಕಿ ಉಪ್ಪಿಟ್ಟು, ಚಪಾತಿ ಅಂತ ಇಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಬೆವರು, ನಡುಕ, ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿದು 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ. 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿದು ಆಸ್ಪತ್ರೆಗೆ ಫೋನ್ ಮಾಡಿ. ಗ್ಲಿಮಿಪಿರೈಡ್‌ನಿಂದ ಇಳಿದ ಸಕ್ಕರೆ ಏರಿದ ಮೇಲೂ ಗಂಟೆಗಳ ನಂತರ ಮತ್ತೆ ಇಳಿಯಬಹುದು. ಆ ರಾತ್ರಿ ಒಬ್ಬರೇ ಮಲಗೋದು ಬೇಡ.

ಡಯಾಲಿಸಿಸ್_ಟೆಕ್

ಸೈಂಧವವೂ ಸೋಡಿಯಂ ಉಪ್ಪೇ, ಬಿಪಿಗೆ, ಊತಕ್ಕೆ ಏನೂ ರಿಯಾಯಿತಿ ಇಲ್ಲ. ಅದಕ್ಕಿಂತ ಅಪಾಯ ಅಂಗಡಿಯಲ್ಲಿ "ಕಡಿಮೆ ಸೋಡಿಯಂ" ಅಂತ ಸಿಗುವ ಉಪ್ಪು, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕಿಡ್ನಿ ಕಾಯಿಲೆಯವರ ಮನೆಗೆ ಆ ಪೊಟ್ಟಣ ಬರಲೇಬಾರದು. ಹಬ್ಬದ ಸಾಮಾನು ತರುವವರಿಗೆ ಚೀಟಿಯಲ್ಲೇ ಬರೆದು ಕೊಡಿ.